ಆಪರೇಷನ್ ಮಾಡ್ಸಿ, ಆದ್ರೆ ಮಗೂನ ಕೈ ಕಟ್ಟಬೇಡಿ

ಅಮ್ಮಾ, ನಮಸ್ಕಾರ.

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ಸಾರಾನ ಮೊದ್ಲು ಹೇಳ್ಬಿಡ್ತೀನಿ. ನಿಮ್ದು ರಾಜಾಜಿನಗರ, ಒಂದೂವರೆ ವರ್ಷದ ಮೊಮ್ಮಗನಿಗೆ ಎರಡೂ ಕಿವಿ ಕೇಳಲ್ಲ ಅಂತ ಬೇರಾ (ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡೋ) ಟೆಸ್ಟಲ್ಲಿ ಗೊತ್ತಾಗಿದೆ, ಕಾಕ್ಲಿಯರ್ ಇಂಪ್ಲಾಂಟ್, ಅಂದ್ರೆ ಆಪರೇಷನ್ ಮಾಡಿ ಒಳಕಿವಿಲಿ ಕೂರಿಸೋ ಕೇಳಿಸೋ ಸಾಧನ, ಮಾಡ್ಸೋಣ ಅಂತ ಮನೆಯವ್ರೆಲ್ಲ ಗಟ್ಟಿ ಮನಸ್ಸು ಮಾಡಿರೋ ಹೊತ್ತಲ್ಲೇ ನಮ್ಮ ಕಳೆದ ಸಂಚಿಕೆ ಕೈಗೆ ಬಂತು, ಅದ್ರಲ್ಲಿ ಬೆಂಗಳೂರಿನ ಒಬ್ಬ ಕಿವುಡ ಯುವಕ ಇಂಟರ್‌ಪ್ರಿಟರ್ ಮೂಲಕ "ನಮ್ಮಲ್ಲಿ ಏನೂ ಕೆಟ್ಟಿಲ್ಲ, ರಿಪೇರಿ ಮಾಡೋಕೆ ಬರ್ಬೇಡಿ" ಅಂದಿದ್ದನ್ನ ಓದಿ ನಿಮ್ಗೆ ಹೊಟ್ಟೆ ಉರೀತು. ಕೇಳಿಸೋ ದಾರಿ ಇದ್ದಾಗ ಕಿವುಡುತನಾನ ಹೊಗಳಿ ಬರೆಯೋದು ಮಗೂಗೆ ಮಾಡೋ ದ್ರೋಹ ಅಂದಿದ್ದೀರಿ. ಕೊನೇಲಿ ಒಂದು ಪ್ರಶ್ನೆ ಕೇಳಿದ್ದೀರಿ, ಥೆರಪಿಸ್ಟು ಸನ್ನೆ ಮಾಡ್ಲೇಬೇಡಿ ಅಂದಿದಾರೆ, ಅದು ಸರಿನಾ ಅಂತ.

ಸುತ್ತಿ ಬಳಸಿ ಹೇಳಲ್ಲ. ನಿಮ್ಮ ಡಾಕ್ಟರು, ಕಿವಿ ಕೇಳೋದನ್ನ ಪರೀಕ್ಷೆ ಮಾಡೋ ಆಡಿಯಾಲಜಿಸ್ಟು ಇಬ್ರೂ ಮಗು ಇಂಪ್ಲಾಂಟಿಗೆ ಸರಿಹೋಗುತ್ತೆ ಅಂದಿದ್ರೆ ಮಾಡ್ಸಿ, ಇನ್ನೊಂದು ವರ್ಷ ನೋಡೋಣ ಅಂತ ಮುಂದೂಡಬೇಡಿ. ನಮ್ಮ ಮನೆಗಳಲ್ಲಿ ಸಮಯ ಹೋಗೋದೇ ಹಿಂಗೆ, ಹಿಂದೆ ನಿಂತು ತಟ್ಟೆ ಬಾರಿಸಿ ನೋಡೋದು, ತಿರುಗಿದ್ರೆ ಸರಿ ಇದೆ ಅನ್ನೋದು, ತಿರುಗ್ದೆ ಇದ್ರೆ ಗಂಡು ಮಕ್ಳು ಮಾತು ತಡ, ಅವ್ರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಅನ್ನೋದು. ನೀವು ಹಾಗೆ ಕೂತಿಲ್ಲ, ಒಂದೂವರೆ ವರ್ಷಕ್ಕೇ ಟೆಸ್ಟ್ ಮಾಡ್ಸಿದ್ದೀರಿ, ಅದು ದೊಡ್ಡ ವಿಷಯ. ಮೆದುಳು ಭಾಷೆ ಕಲಿಯೋಕೆ ಹಸಿದಿರೋದು ಮೊದಲ ಮೂರ್ನಾಲ್ಕು ವರ್ಷ, ಹುಟ್ಟು ಕಿವುಡು ಮಕ್ಕಳಿಗೆ ಇಂಪ್ಲಾಂಟ್ ತಡ ಆದಷ್ಟೂ ಕೇಳಿ ಅರ್ಥ ಮಾಡ್ಕೊಳ್ಳೋದು ಕಷ್ಟ ಆಗ್ತಾ ಹೋಗುತ್ತೆ.

ಆದ್ರೆ ಮಾಡ್ಸೋದು ಏನನ್ನ ಅಂತ ಮನೆಯವ್ರೆಲ್ಲ ತಿಳ್ಕೊಂಡಿರ್ಬೇಕು, ಯಾಕಂದ್ರೆ ಇದು ಕನ್ನಡಕ ಹಾಕಿದ ತಕ್ಷಣ ಅಕ್ಷರ ಕಾಣಿಸ್ದಂಗೆ ಅಲ್ಲ. ನಮ್ಮ ಒಳಕಿವಿಲಿ ಸುಮಾರು 15,000 ಕೂದಲಿನಂಥ ಸೂಕ್ಷ್ಮ ಕೋಶಗಳಿರ್ತವೆ, ಇಂಪ್ಲಾಂಟಲ್ಲಿ ಕಂಪನಿಗೆ ತಕ್ಕಂಗೆ 12ರಿಂದ 22 ಎಲೆಕ್ಟ್ರೋಡು, ಅವು ಆ ಕೋಶಗಳನ್ನ ದಾಟಿ ಕಿವಿಯ ನರಕ್ಕೆ ನೇರ ಕರೆಂಟ್ ಕೊಡ್ತವೆ. ಆಪರೇಷನ್ ಆಗಿ ಕೆಲವು ವಾರ ಬಿಟ್ಟು ಸ್ವಿಚ್ ಆನ್ ಮಾಡ್ತಾರೆ, ಅವತ್ತು ಎಷ್ಟೋ ಮಕ್ಳು ಹೆದರಿ ಅಳ್ತವೆ. ಆಮೇಲೆ ಮತ್ತೆ ಮತ್ತೆ ಮ್ಯಾಪಿಂಗು, ಅಂದ್ರೆ ಮಗೂಗೆ ಹೊಂದೋ ಹಾಗೆ ಮಷೀನ್ ಸೆಟ್ ಮಾಡೋದು, ವರ್ಷಗಟ್ಟಲೆ ಥೆರಪಿ. ನಾನು ಒಂದ್ಸಲ ಲೇಖನಕ್ಕೋಸ್ಕರ ಥೆರಪಿ ರೂಮಲ್ಲಿ ಕೂತು ನೋಡಿದೀನಿ, ತಾಯಿ ಪಕ್ಕದಲ್ಲಿ ಕೂತು ಬಾಯಿ ಕಾಣದ ಹಾಗೆ ಕೈ ಅಡ್ಡ ಹಿಡ್ಕೊಂಡು ಆ, ಊ, ಈ, ಶ್, ಸ್, ಮ್ ಅಂತ ಒಂದೊಂದೇ ಶಬ್ದ ಹೇಳೋರು, ಕೇಳಿಸಿದಾಗ ಹುಡುಗಿ ಡಬ್ಬಿಗೆ ಒಂದು ಬ್ಲಾಕ್ ಹಾಕ್ಬೇಕು. ಐದಕ್ಕೆ ಹಾಕಿದ್ಳು, ಸ್ ಅನ್ನೋದಕ್ಕೆ ಮಾತ್ರ ಬ್ಲಾಕನ್ನ ಕೆನ್ನೆಗೆ ಒತ್ತಿ ಹಿಡ್ಕೊಂಡು ಕಾಯ್ತಾನೇ ಇದ್ಳು. ಇದನ್ನ ದಿನಾ ಬೆಳಿಗ್ಗೆ ಮನೇಲೂ ಮಾಡ್ಬೇಕು. ಈ ಕೆಲ್ಸ ಎಲ್ಲಾ ನಿಮ್ಮ ಸೊಸೆ ಒಬ್ಬರ ತಲೆ ಮೇಲೆ ಬೀಳೋದು ಬೇಡ, ನೀವೂ ಕಲೀರಿ, ಮಗನೂ ಕಲೀಲಿ.

ಈಗ ಸನ್ನೆ ವಿಷ್ಯ. ಇಲ್ಲಿ ನಾನು ನಿಮ್ಮ ಥೆರಪಿಸ್ಟ್ ಮಾತು ಒಪ್ಪಲ್ಲ. ಅವ್ರು ಕೆಟ್ಟ ಮನಸ್ಸಿಂದ ಹೇಳ್ತಿಲ್ಲ, ಮಗು ಕಣ್ಣನ್ನೇ ನಂಬ್ಕೊಂಡ್ರೆ ಕಿವಿ ಬಳಸೋದು ಕಲಿಯಲ್ಲ ಅನ್ನೋದು ಅವರ ಭಯ. ಆದ್ರೆ ಸೈನ್ ಲ್ಯಾಂಗ್ವೇಜ್ ಕಲಿತ್ರೆ ಮಾತು ಬರೋದೇ ಇಲ್ಲ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಕಿವುಡ ಅಪ್ಪ ಅಮ್ಮನಿಗೆ ಹುಟ್ಟಿ ಸೈನ್ ಜೊತೆಗೇ ಬೆಳೆದು ಇಂಪ್ಲಾಂಟನ್ನೂ ಹಾಕಿಸ್ಕೊಂಡ ಮಕ್ಕಳು ಚೆನ್ನಾಗಿ ಮಾತಾಡೋದನ್ನ ಅಧ್ಯಯನ ಮಾಡಿದೋರು ಬರ್ದಿದಾರೆ. ಲೆಕ್ಕ ಹಾಕಿ ನೋಡಿ, ಆಪರೇಷನ್ ಆಗೋಕೆ ಇನ್ನೂ ಕೆಲವು ತಿಂಗಳು, ಕೇಳಿದ್ದು ಅರ್ಥ ಆಗೋಕೆ ಮತ್ತೆ ಒಂದೆರಡು ವರ್ಷ, ಅಲ್ಲೀವರೆಗೂ ಆ ಮಗು ಹೊಟ್ಟೆ ನೋವು ಅಂತ, ಅಜ್ಜಿ ಎತ್ಕೋ ಅಂತ, ಕತ್ತಲೆ ಅಂದ್ರೆ ಭಯ ಅಂತ ಹೇಳೋದು ಯಾವುದರಲ್ಲಿ? ನನಗೆ ಇಡೀ ವಿವಾದದಲ್ಲಿ ಸಂಕಟ ಆಗೋದು ಇದೊಂದೇ ವಿಷಯಕ್ಕೆ. ಇಂಪ್ಲಾಂಟ್ ಹಾಕಿಸಿದ್ರಾ ಬಿಟ್ರಾ ಅನ್ನೋ ಜಗಳದಲ್ಲಿ ಮಗು ಯಾವ ಭಾಷೆನೂ ಇಲ್ದೆ ಐದು ವರ್ಷ ಕಳೆದ್ಬಿಡುತ್ತೆ, ಆ ನಷ್ಟಾನ ಆಮೇಲೆ ಪೂರ್ತಿ ತುಂಬಿಕೊಡೋ ಮಷೀನು ಯಾವುದೂ ಇಲ್ಲ.

ಆ ಯುವಕನ ಸಿಟ್ಟಿಗೂ ಕಾರಣ ಇದೆ ಅಮ್ಮಾ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಟೀಚರ್‌ಗಳ ಸಮ್ಮೇಳನ ಸೇರಿ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿ ಮಾತೇ ಸಾಕು ಅಂತ ನಿರ್ಣಯ ಮಾಡಿದ್ರು, ಓಟು ಹಾಕಿದೋರೆಲ್ಲ ಹೆಚ್ಚುಕಮ್ಮಿ ಕಿವಿ ಕೇಳಿಸೋರೇ. ಅದೇ ಸಮ್ಮೇಳನ 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದಾಗ ಆ ನಿರ್ಣಯಕ್ಕೆ ವಿಷಾದ ಸೂಚಿಸ್ತು. ಮಧ್ಯದ 130 ವರ್ಷದಲ್ಲಿ ಎಷ್ಟೋ ದೇಶಗಳಲ್ಲಿ ಕೈ ಆಡಿಸಿದ್ದಕ್ಕೆ ಮಕ್ಕಳ ಕೈಗೆ ಏಟು ಬಿದ್ದಿದೆ. ಅದಕ್ಕೇ 1990ರಲ್ಲಿ ಅಮೆರಿಕ ಎರಡು ವರ್ಷ ದಾಟಿದ ಮಕ್ಕಳಿಗೂ ಇಂಪ್ಲಾಂಟ್ ಒಪ್ಪಿದಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಮರುವರ್ಷವೇ ಜೋರಾಗಿ ವಿರೋಧ ಮಾಡ್ತು, 2000ದಲ್ಲಿ ನಿಲುವು ಮೆತ್ತಗೆ ಮಾಡ್ಕೊಂಡು ಇದೂ ಒಂದು ದಾರಿ ಅಂತ ಒಪ್ತು. ಇನ್ನೊಂದು ಕಡೆ ಮೆಲ್ಬರ್ನ್‌ನಲ್ಲಿ 1978ರಲ್ಲಿ ಅನೇಕ ಎಲೆಕ್ಟ್ರೋಡಿನ ಇಂಪ್ಲಾಂಟ್ ಹಾಕಿದ ಗ್ರೇಮ್ ಕ್ಲಾರ್ಕ್ ಈ ಕೆಲಸಕ್ಕೆ ಇಳಿದಿದ್ದೇ ತಮ್ಮ ತಂದೆಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ ಅನ್ನೋ ಸಂಕಟಕ್ಕೆ. ಯಾರನ್ನ ಶತ್ರು ಅಂತೀರಿ?

ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಒಂದ್ಸಲ ಗಮನಿಸಿ. ಬಸ್ಸೊಳಗೆ ಕಿಟಕಿ ಪಕ್ಕ ಒಬ್ಳು ಹುಡುಗಿ, ಕೆಳಗೆ ಅವಳ ಗೆಳತಿ, ನಡುವೆ ಮುಚ್ಚಿದ ಗಾಜು, ಸುತ್ತ ಕಂಡಕ್ಟರ್‌ಗಳ ಕೂಗು, ಹಾರ್ನು, ಅಷ್ಟರ ಮಧ್ಯೆನೂ ಅವರಿಬ್ರದು ಕೈ ಸನ್ನೇಲೇ ಆರಾಮಾಗಿ ಮಾತು ನಡೀತಿರುತ್ತೆ. ಅದನ್ನ ನೋಡಿ ಅಯ್ಯೋ ಪಾಪ ಅನ್ನೋರು ನಾವು. ನಿಮ್ಮ ಮೊಮ್ಮಗ ಇಂಪ್ಲಾಂಟ್ ಹಾಕ್ಕೊಂಡ್ರೂ ಸ್ನಾನಕ್ಕೆ, ಮಲಗೋಕೆ ಸಾಮಾನ್ಯವಾಗಿ ಪ್ರೊಸೆಸರ್, ಅಂದ್ರೆ ಕಿವಿ ಹತ್ರ ಹೊರಗೆ ಹಾಕ್ಕೊಳ್ಳೋ ಮಷೀನು, ತೆಗೀತಾರೆ, ಆಗ ಅವನು ಕಿವುಡನೇ, ಅದ್ರಲ್ಲಿ ನಾಚಿಕೆ ಪಡೋದು ಏನಿದೆ. ಮದ್ವೆ ಮುಂಜಿಲಿ ಕೂದಲಡಿ ಮಷೀನ್ ಮುಚ್ಚಿ ಕರ್ಕೊಂಡು ಹೋಗ್ಬೇಡಿ, ಮಕ್ಕಳಿಗೆ ಅದೆಲ್ಲ ಬೇಗ ಅರ್ಥ ಆಗ್ಬಿಡುತ್ತೆ.

ದುಡ್ಡಿನ ವಿಷ್ಯ ಆಸ್ಪತ್ರೇಲಿ ಅರ್ಧ ಹೇಳ್ತಾರೆ. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ ಯೋಜನೆ ಥರದವು ಆದಾಯ, ವಯಸ್ಸು ನೋಡಿ ಆಪರೇಷನ್ ಖರ್ಚು ಕೊಡ್ತವೆ. ಆಮೇಲಿನ ಕೇಬಲ್ಲು, ತಲೆಗೆ ಅಂಟಿಕೊಳ್ಳೋ ಕಾಯಿಲ್ಲು, ಬ್ಯಾಟರಿ, ವಾರಂಟಿ ಮುಗಿದ ಮೇಲೆ ಲಕ್ಷಗಟ್ಟಲೆ ಬೀಳೋ ಹೊಸ ಪ್ರೊಸೆಸರ್ರು ಮನೆಯವ್ರ ಪಾಲಿಗೆ ಬರಬಹುದು. ಮಾಗಡಿ ಕಡೆಯ ಒಂದು ಮನೇಲಿ ಕೆಟ್ಟ ಪ್ರೊಸೆಸರ್ ಬಿಸ್ಕತ್ ಡಬ್ಬಿಲಿ ಬಿದ್ದಿತ್ತು, ಹುಡುಗ ಅಷ್ಟೊತ್ತಿಗೆ ಸನ್ನೆನೂ ಕಲಿತಿರಲಿಲ್ಲ, ಬಂದಿದ್ದ ನಾಲ್ಕು ಮಾತೂ ಮಸುಕಾಗ್ತಿತ್ತು. ನಾನು ಎರಡೂ ಬೇಕು ಅಂತ ಹಟ ಹಿಡಿಯೋದು ಅಂಥ ಮಕ್ಕಳನ್ನ ನೋಡಿಯೇ.

ಹಾಗಾಗಿ ಆಪರೇಷನ್‌ಗೆ ಮುಂಚೆ ಮೂರು ವಿಷ್ಯ ಕೇಳಿ, ನ್ಯೂಮೋಕಾಕಲ್ ಲಸಿಕೆ ಪೂರ್ತಿ ಆಗಿದ್ಯಾ, ಯಾಕಂದ್ರೆ ಇಂಪ್ಲಾಂಟ್ ಇರೋರಿಗೆ ಮೆನಿಂಜೈಟಿಸ್, ಅಂದ್ರೆ ಮೆದುಳಿನ ಪೊರೆಯ ಸೋಂಕಿನ ಅಪಾಯ ಸ್ವಲ್ಪ ಜಾಸ್ತಿ, ವಾರಂಟಿ ಎಷ್ಟು ವರ್ಷ, ಆಮೇಲೆ ಸರ್ವಿಸ್ ಬೆಂಗಳೂರಲ್ಲೇ ಸಿಗುತ್ತಾ. ಥೆರಪಿ ಬಗ್ಗೆ ಇನ್ನೊಂದು ಅಭಿಪ್ರಾಯ ಬೇಕಿದ್ರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಂದು ದಿನ ಹೋಗ್ಬನ್ನಿ, ಪುಟ್ಟ ಮಕ್ಕಳ ಜೊತೆ ತಾಯಂದ್ರಿಗೂ ಅಲ್ಲಿ ಹೇಳಿಕೊಡ್ತಾರೆ. ಸೈನ್ ಕಲಿಯೋಕೆ ದೆಹಲಿಯ ಭಾರತೀಯ ಸೈನ್ ಲ್ಯಾಂಗ್ವೇಜ್ ಕೇಂದ್ರದವರ ವಿಡಿಯೋ ನಿಘಂಟು ಫ್ರೀ ಇದೆ, ಊಟ, ನೀರು, ನೋವು, ಅಜ್ಜಿ ಇಂಥವುಗಳಿಂದ ಶುರು ಮಾಡಿ.

ನಿಮ್ಮ ಪತ್ರಾನ ಆ ಯುವಕನಿಗೂ ತೋರ್ಸಿದೆ, ಬೈಗುಳ ಸಮೇತ. ಅವರಿಗೆ ನಿಮ್ಮ ಮೇಲೆ ಬೇಜಾರಿಲ್ಲ, ಹುಡುಗನ್ನ ನೋಡ್ಬೇಕು ಅಂದ್ರು. ಇಂಟರ್‌ಪ್ರಿಟರನ್ನ ನಾವೇ ಕರ್ಕೊಂಡು ಬರ್ತೀವಿ, ಯಾವ ಭಾನುವಾರ ಮನೇಲಿ ಇರ್ತೀರಿ ಅಂತ ಆಫೀಸಿಗೆ ಒಂದು ಫೋನ್ ಮಾಡಿ.

ಇಂತಿ,
ಸಂಪಾದಕ