ಸಿಮ್ಯುಲೇಶನ್‌ನಲ್ಲಿ ಬಣ್ಣ ಪೂರ್ತಿ ಬೆರೆತಿದೆ, ನಂಬಬಹುದಾ?

ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ನಲ್ಲಿ (ಎರಡು ಸ್ಕ್ರೂ ತಿರುಗಿಸಿ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರ) ಕಾರ್ಬನ್ ಬ್ಲ್ಯಾಕ್, ಅಂದರೆ ಕಪ್ಪು ಬಣ್ಣದ ಪುಡಿ, ಬೆರೆಯುವುದನ್ನು ಸಿಮ್ಯುಲೇಶನ್ ಮಾಡಿದ್ದೀರಿ, ಕೊನೆಯಲ್ಲಿ ಎಲ್ಲ ಕಡೆ ಒಂದೇ ಬೂದು ಬಣ್ಣ ಬಂದಿದೆ, ನಂಬಬಹುದಾ ಅಂತ ಕೇಳಿದ್ದೀರಿ. ಈಗಲೇ ನಂಬಬೇಡಿ.

ನಾನು ಬೈಕಂಪಾಡಿಯಲ್ಲಿ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್‌ಗೆ ಬಣ್ಣ ಕೊಡಲು ಸೇರಿಸುವ ಗಾಢ ಬಣ್ಣದ ಕಾಳು) ಮಾಡುವ ಕಡೆ ಕೆಲಸ ಮಾಡುತ್ತೇನೆ. ನನಗೂ ಮೊದಲು ಅದೇ ಬೂದು ಬಂದಿತ್ತು. ಅದೇ ಸೆಟ್ಟಿಂಗ್‌ನಲ್ಲಿ ಮಾಲು ಓಡಿಸಿ, ಫಿಲ್ಮ್ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆವು. ಉಗುರಿಗೆ ತಾಗುವಂಥ ಕಪ್ಪು ಚುಕ್ಕಿಗಳು, ಪಕ್ಕದಲ್ಲೇ ತೆಳು ಗೆರೆಗಳು. ಎಷ್ಟೋ ಹೊತ್ತು ಆ ಫಿಲ್ಮನ್ನೇ ನೋಡುತ್ತಾ ನಿಂತಿದ್ದೆ.

ಗೆರೆ ಯಾಕೆ ಕಾಣಲಿಲ್ಲ ಅಂದರೆ, ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸುವ ಜಾಲ, ದೊಡ್ಡದಿತ್ತು. ಒಂದು ಸೆಲ್‌ನಲ್ಲಿ ಅರ್ಧ ಕಪ್ಪು, ಅರ್ಧ ಬಿಳಿ ಇದ್ದರೆ ಲೆಕ್ಕ ಅದನ್ನು ಬೂದು ಅಂತಲೇ ಹಿಡಿಯುತ್ತದೆ. ಬೆರೆಸಿದ್ದು ಸ್ಕ್ರೂ ಅಲ್ಲ, ಮೆಶ್. ಕರಗಿದ ಪ್ಲಾಸ್ಟಿಕ್ ನೀರಿಗಿಂತ ಲಕ್ಷಾಂತರ ಪಟ್ಟು ಮಂದ. ಅಲ್ಲಿ ಸುಳಿ ಏಳುವುದಿಲ್ಲ, ಬ್ಯಾರಲ್‌ನಲ್ಲಿ (ಸ್ಕ್ರೂಗಳು ತಿರುಗುವ ಕೊಳವೆ) ಇರುವ ಒಂದೆರಡು ನಿಮಿಷದಲ್ಲಿ ಕಾರ್ಬನ್ ತಾನಾಗಿ ಹರಡುವುದೂ ಇಲ್ಲ. ಪದರ ಎಳೆಯಬೇಕು, ಮಡಚಬೇಕು, ಮತ್ತೆ ಎಳೆಯಬೇಕು, ಪರೋಟದ ಹಿಟ್ಟಿನ ಹಾಗೆ. ಅದಕ್ಕೇ ಬಣ್ಣದ ಚಿತ್ರ ಬಿಟ್ಟು, ಸಾವಿರಾರು ಬಿಂದುಗಳನ್ನು ಹರಿವಿನಲ್ಲಿ ಬಿಟ್ಟು ಅವು ಎಲ್ಲಿ ಹೋಗುತ್ತವೆ ನೋಡಿ. ಮೆಶ್‌ನ ಸೆಲ್ ಅಳತೆಯನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಓಡಿಸಿ. ನಾನು ಹಾಗೆ ಮಾಡಿದಾಗ ಬೂದು ಹೋಗಿ ಗೆರೆ ಕಂಡಿತು.

ಚುಕ್ಕಿಯದು ಬೇರೆ ಕಥೆ. ಗೋಳಿಬಜೆಯ ಹಿಟ್ಟಿನಲ್ಲಿ ಮೈದಾ ಗಂಟಾದರೆ ಸೌಟಿನಲ್ಲಿ ಎಷ್ಟು ತಿರುಗಿಸಿದರೂ ಗಂಟು ಸುಮ್ನೆ ಸುತ್ತುತ್ತದೆ, ಬೆರಳಲ್ಲಿ ಹಿಸುಕಿದರೆ ಮಾತ್ರ ಒಡೆಯುತ್ತದೆ ಅಲ್ವಾ? ಇಲ್ಲೂ ಹಾಗೆ, ಆ ಚುಕ್ಕಿಗಳು ಒಡೆಯದೆ ಉಳಿದ ಕಾರ್ಬನ್ ಗಂಟುಗಳು. ಹರಡುವುದು ಒಂದು ಕೆಲಸ, ಒಡೆಯುವುದು ಇನ್ನೊಂದು. ಎರಡು ಪ್ಲಾಸ್ಟಿಕ್ ಬೆರೆಸುವಾಗಲೂ, ಹನಿ ಸುತ್ತಲಿನದಕ್ಕಿಂತ ಸುಮಾರು 4 ಪಟ್ಟಿಗಿಂತ ಜಾಸ್ತಿ ಮಂದವಾಗಿದ್ದರೆ ಬರೀ ಶಿಯರ್‌ನಲ್ಲಿ (ಪದರಗಳು ಒಂದರ ಮೇಲೊಂದು ಜಾರುವ ಹರಿವು) ಒಡೆಯುವುದೇ ಇಲ್ಲ. ಎಳೆತ ಬೇಕು.

ಇದನ್ನು ನೋಡಲು ಮಿಕ್ಸಿಂಗ್ ಇಂಡೆಕ್ಸ್ ಇದೆ. 0 ಬಂದರೆ ಬರೀ ಸುತ್ತುವುದು, 0.5 ಶಿಯರ್, 1 ಪೂರ್ತಿ ಎಳೆತ. ಇಡೀ ಬ್ಯಾರಲ್‌ನ ಸರಾಸರಿ ತೆಗೆಯಬೇಡಿ. ನೀಡಿಂಗ್ ಬ್ಲಾಕ್‌ನ (ಸ್ಕ್ರೂ ಮೇಲೆ ಕೋನ ಕೊಟ್ಟು ಜೋಡಿಸಿದ, ಮಾಲನ್ನು ನಾದುವ ಬಿಲ್ಲೆಗಳು) ತುದಿಗೂ ಬ್ಯಾರಲ್‌ಗೂ ನಡುವಿನ ಸಂದಿಯಲ್ಲಿ, ಎರಡು ಸ್ಕ್ರೂ ಸೇರುವಲ್ಲಿ ಇಂಡೆಕ್ಸ್ ಎಷ್ಟಿದೆ, ಅಲ್ಲಿ ಸ್ಟ್ರೆಸ್, ಅಂದರೆ ಗಂಟಿನ ಮೇಲೆ ಬೀಳುವ ಬಲ, ಎಷ್ಟಿದೆ ನೋಡಿ. ಆಮೇಲೆ ನಿಮ್ಮ ಬಿಂದುಗಳಲ್ಲಿ ಎಷ್ಟು ಆ ಸಂದಿಯನ್ನು ಒಮ್ಮೆಯೂ ದಾಟದೆ ಹೊರಗೆ ಬಂದವು ಅಂತ ಎಣಿಸಿ. ನಮ್ಮ ಚುಕ್ಕಿಗಳು ಬಂದದ್ದು ಆ ದಾರಿಯಲ್ಲೇ.

ಮೆಶ್ ಸೈಜ್ ಮತ್ತು ನೀಡಿಂಗ್ ಬ್ಲಾಕ್‌ನ ಕೋನ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.