ಅಕ್ಷರ ಕಾಣುತ್ತದೆ, ಕೀಲಿ ಒತ್ತಿದರೆ ಉತ್ತರವಿಲ್ಲ

ಸೋಮವಾರಪೇಟೆಯ ತೋಟದ ಮನೆಯ ರೌಟರ್ ಬೂಟ್ ಆಗುವ ಸಾಲುಗಳೆಲ್ಲ, ಸೀರಿಯಲ್ ಕೇಬಲ್ ಮೂಲಕ ರೌಟರ್ ಜೊತೆ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂ ಆದ ಮಿನಿಕಾಮ್‌ನಲ್ಲಿ ಕಾಣುತ್ತವೆ, ಎಂಟರ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ ಎಂದಿದ್ದೀರಿ. ಹಾಗಿದ್ದರೆ ಸೆಕೆಂಡಿಗೆ 115200 ಬಿಟ್ ಎಂಬ ಸಂಪರ್ಕದ ವೇಗವನ್ನು ಮುಟ್ಟಬೇಡಿ. ಅದು ತಪ್ಪಿದ್ದರೆ ಅಕ್ಷರಗಳೇ ಕಲಸುಮೇಲೋಗರವಾಗುತ್ತಿದ್ದವು. ನನ್ನ ಅನುಮಾನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಮೇಲೆ, ಅಂದರೆ ಬೇರೊಂದು ತಂತಿಯಲ್ಲಿ ಅಪ್ಪಣೆ ಬಂದ ಮೇಲಷ್ಟೇ ಅಕ್ಷರ ಕಳಿಸುವ ಏರ್ಪಾಡಿನ ಮೇಲೆ. ನಿಮ್ಮ ಕೇಬಲ್‌ನಲ್ಲಿರುವುದು ಮೂರೇ ತಂತಿ: ಕಳಿಸಲು ಒಂದು, ಪಡೆಯಲು ಒಂದು, ಇನ್ನೊಂದು ಗ್ರೌಂಡ್. ‘ಕಳಿಸಬಹುದು’ ಎನ್ನುವ ಸಿಟಿಎಸ್ ತಂತಿಯೇ ಇಲ್ಲ. ಪಾಪ, ಮಿನಿಕಾಮ್ ಅಪ್ಪಣೆಗಾಗಿ ಕಾಯುತ್ತಲೇ ಕೂರುತ್ತದೆ. ಕಂಟ್ರೋಲ್-ಎ, ಬಳಿಕ ಓ ಒತ್ತಿ, ಸೀರಿಯಲ್ ಪೋರ್ಟ್ ಸೆಟಪ್‌ನಲ್ಲಿ ಎಫ್ ಒತ್ತಿ. ಫ್ಲೋ ಕಂಟ್ರೋಲ್ ಸಾಲಿನಲ್ಲಿ ‘ಯೆಸ್’ ಇದ್ದದ್ದು ‘ನೋ’ ಆಗಲಿ. ಕಳೆದ ಮಳೆಗಾಲದಲ್ಲಿ ಮಡಿಕೇರಿಯಲ್ಲಿ ನಾನು ಇದು ತಿಳಿಯದೆ, ತೇವಕ್ಕೆ ಪಿನ್ ಹಸಿರುಗಟ್ಟಿದೆಯೆಂದು ಒಳ್ಳೆಯ ಕೇಬಲ್ಲನ್ನೇ ಎಸೆದಿದ್ದೆ! ಆಮೇಲೂ ಸರಿಯಾಗದಿದ್ದರೆ, ಅಡಾಪ್ಟರ್‌ನ ಟಿಎಕ್ಸ್ (ಕಳಿಸುವ) ತಂತಿ ರೌಟರ್‌ನ ಆರ್‌ಎಕ್ಸ್ (ಪಡೆಯುವ) ಪಿನ್ನಿಗೆ ಗಟ್ಟಿಯಾಗಿ ಕೂತಿದೆಯೇ ನೋಡಿ.