ಬೆರಳಿಟ್ಟ ವಚನ

ಮೊಬೈಲಿನ ಕವರಿನ ಒಳಗಿಂದ ಅವಳು ಒಂದು ಚಿಕ್ಕ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅಂಚೆಲ್ಲ ಮೆತ್ತಗಾಗಿತ್ತು. ಸೂರ್ಯ ಹುಟ್ಟುವ ಚಿತ್ರ, ಅದರ ಮೇಲೆ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ: ಪ್ರವಾದಿ ಯೆರೆಮೀಯನ ಪುಸ್ತಕ, ಯೆರೆಮೀಯ 29:11. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಎಷ್ಟೋ ಸಭೆಗಳಲ್ಲಿ ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳನ್ನು ಬೋರಲು ಹಾಕಿ ಇಟ್ಟಿರುತ್ತಾರಲ್ಲ, ಅಂಥದ್ದು. ನೋಡದೆ ಒಂದು ಎತ್ತಿಕೊಳ್ಳಬೇಕು, ವರ್ಷವಿಡೀ ಅದೇ ನಮ್ಮ ವಚನ. ಇವಳ ಪಾಲಿಗೆ ಬಂದದ್ದು ಎಲ್ಲರೂ ಆಸೆಪಡುವ ಕಾರ್ಡು. ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ, ಒಳ್ಳೆಯ ದಿನ ಮುಂದಿದೆ ಎಂದು ದೇವರು ಹೇಳುವ ಮಾತು.

ಆಮೇಲೆ ಪರ್ಸಿನಿಂದ ಒಂದು ಚೀಟಿ ತೆಗೆದು ಕಾರ್ಡಿನ ಪಕ್ಕಕ್ಕಿಟ್ಟಳು. ಆಸ್ಪತ್ರೆಯ ಔಷಧಿ ಚೀಟಿಯ ಹಿಂಬದಿ. ಅದರಲ್ಲಿ ಬರೆದಿದ್ದು ಯೆರೆಮೀಯ 42:16. ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋದರೆ ನೀವು ಹೆದರುವ ಕತ್ತಿ ಅಲ್ಲೇ ನಿಮ್ಮನ್ನು ಹಿಡಿಯುತ್ತದೆ, ಬರ ಬೆನ್ನು ಹತ್ತುತ್ತದೆ, ಅಲ್ಲೇ ಸಾಯುತ್ತೀರಿ ಎನ್ನುವ ವಚನ.

"ಎರಡೂ ಒಂದೇ ಪುಸ್ತಕ ಮೇಡಂ. ಇದರಲ್ಲಿ ನನಗೆ ಯಾವುದು?"

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿಸಿ, ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು. ಮಲೆನಾಡಿನ ಹುಡುಗಿ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಅಪ್ಪ ಇಲ್ಲ. ಅಮ್ಮ ಊರಲ್ಲಿ ಒಬ್ಬರೇ, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಅಣ್ಣ ಅದೇ ತಾಲ್ಲೂಕಿನಲ್ಲಿದ್ದಾನೆ, ವಾರಕ್ಕೊಂದು ಫೋನ್ ಮಾಡುತ್ತಾನೆ, ಅಷ್ಟೆ. ಇವಳಿಗೆ ಒಂದು ಏಜೆನ್ಸಿ ಮೂಲಕ ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಗೊತ್ತಾಗಿತ್ತು. ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆ ಪಾಸಾಗಿ, ಅದರ ಮೇಲಿನ ಬಿ2 ಹಂತದ ಕ್ಲಾಸು ನಡೆಯುತ್ತಿತ್ತು. ಆ ತಿಂಗಳ ಕೊನೆಯೊಳಗೆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು.

ಸತ್ಯವೇದ ಓದುವುದಿಲ್ಲ ಎನ್ನುವ ಹುಡುಗಿ ಅಲ್ಲ. ಪಿಯುಸಿಯಿಂದ ಒಂದು ದಿನ ತಪ್ಪಿಸಿಲ್ಲ. ಆದರೆ ಓದುವ ರೀತಿ ಹೀಗೆ: ಪ್ರಾರ್ಥನೆ ಮಾಡುವುದು, ಕಣ್ಣು ಮುಚ್ಚಿ ಪುಸ್ತಕ ತೆರೆಯುವುದು, ಬೆರಳಿಡುವುದು. ಬೆರಳು ಬಿದ್ದದ್ದು ಆ ದಿನದ ಮಾತು. ನರ್ಸಿಂಗ್ ಸೇರಿದ್ದೂ ಹಾಗೇ, ಬಂದ ಒಂದು ಸಂಬಂಧ ಬೇಡ ಎಂದದ್ದೂ ಹಾಗೇ. ಏಜೆನ್ಸಿಯ ಪತ್ರ ಬಂದ ಮೇಲೆ ಬೆಳಿಗ್ಗೆ ಒಂದು ಸಲ ಸಾಲಲಿಲ್ಲ. ವಚನ ಸ್ಪಷ್ಟ ಇಲ್ಲದಿದ್ದರೆ ಇನ್ನೊಂದು ಸಲ. ಕೆಟ್ಟದ್ದು ಬಂದರೆ ಮೂರು ಸಲ. ಒಂದು ರಾತ್ರಿ ಪೂರ್ವಕಾಲವೃತ್ತಾಂತದ ವಂಶಾವಳಿ ಬಂತಂತೆ. ಆ ಉದ್ದನೆಯ ಹೆಸರುಗಳಲ್ಲಿ ಜರ್ಮನಿಗೆ ಹತ್ತಿರದ ಸದ್ದು ಯಾವುದಾದರೂ ಇದೆಯಾ ಎಂದು ಹುಡುಕಿದಳಂತೆ. ಹೇಳುವಾಗ ಅವಳೇ ನಕ್ಕಳು. ನಗು ಮುಗಿಯುವ ಮುಂಚೆ ಅಳು ಬಂತು. 42:16 ಬಂದ ರಾತ್ರಿಯಿಂದ ಹನ್ನೊಂದು ದಿನ ಸರಿಯಾಗಿ ನಿದ್ದೆ ಇಲ್ಲ. ಹಿಂದಿನ ದಿನ ಡ್ಯೂಟಿಯಲ್ಲಿ ಇನ್‌ಫ್ಯೂಷನ್ ಪಂಪಿನ ಲೆಕ್ಕ ತಪ್ಪಿಸಲಿದ್ದಳು, ಜೊತೆಯವಳು ನೋಡಿ ತಡೆದಳು. ಆ ಹೆದರಿಕೆಯೇ ಅವಳನ್ನು ನನ್ನ ಹತ್ತಿರ ಕಳಿಸಿದ್ದು.

ಇಂಥವರು ಬಂದಾಗ ನಾನು ವೇದದಿಂದ ಶುರು ಮಾಡುವುದಿಲ್ಲ, ನಿದ್ದೆಯಿಂದ ಶುರು ಮಾಡುತ್ತೇನೆ. ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುವುದು, ಕೈ ತೊಳೆಯುತ್ತಲೇ ಇರುವುದು ಇದೆಯಾ ಎಂದು ಕೇಳಿದೆ. ಬದುಕು ಬೇಡ ಅನ್ನಿಸುತ್ತದಾ ಎಂದೂ ಕೇಳಿದೆ. ಎರಡೂ ಇರಲಿಲ್ಲ. ಇದ್ದಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಗೀಳು ಕಾಯಿಲೆ ಭಕ್ತಿಯ ಬಟ್ಟೆ ಹಾಕಿಕೊಂಡು ಬರುವುದು ಅಪರೂಪವೇನಲ್ಲ, ಅದನ್ನು ಪ್ರಾರ್ಥನೆಯಿಂದಲೇ ಓಡಿಸುತ್ತೇನೆ ಎಂದು ಕೂರುವುದು ತಪ್ಪು. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರ ಬಳಿ ಹೋಗಲೇಬೇಕು ಎಂದು ಮಾತು ತೆಗೆದುಕೊಂಡೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಬರೆದುಕೊಟ್ಟೆ.

ಆಮೇಲೆ ಬೆರಳಿನ ವಿಷಯಕ್ಕೆ ಬಂದೆವು. ನಾನು ಬಯ್ಯುತ್ತೇನೆ ಅಂದುಕೊಂಡಿದ್ದಳೇನೋ, ಮೊದಲೇ ಅಡ್ಡ ಹಾಕಿದಳು. "ಶಿಷ್ಯರೂ ಚೀಟಿ ಹಾಕಿದ್ರಲ್ವಾ ಮೇಡಂ? ಮತ್ತೀಯನನ್ನ ಆರಿಸುವಾಗ?"

ಸಂಡೇ ಸ್ಕೂಲಿನಲ್ಲಿ ಚೆನ್ನಾಗಿ ಕಲಿತ ಹುಡುಗಿ. ನಿಜ, ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿ ಆರಿಸಿದ್ದು ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯದಲ್ಲಿ ಇದೆ. ಆದರೆ 2ನೇ ಅಧ್ಯಾಯದಲ್ಲಿ ಪವಿತ್ರಾತ್ಮ ಬಂದ ಮೇಲೆ ಅದೇ ಪುಸ್ತಕದಲ್ಲಿ ಇನ್ನೊಂದು ಸಲ ಚೀಟಿ ಹಾಕಿದ್ದು ಎಲ್ಲಿದೆ ತೋರಿಸು ಎಂದೆ. 15ನೇ ಅಧ್ಯಾಯದಲ್ಲಿ ಸಭೆಯೇ ಒಡೆಯುವಂಥ ಪ್ರಶ್ನೆ ಬಂತು. ಆಗ ಕೂತು ಮಾತಾಡಿದರು, ಜಗಳವಾಡಿದರು, ಒಬ್ಬರದನ್ನು ಇನ್ನೊಬ್ಬರು ಕೇಳಿದರು. ಪವಿತ್ರಾತ್ಮನಿಗೂ ನಮಗೂ ಹೀಗೆ ಸರಿ ಅನ್ನಿಸಿತು ಎಂದು ಕೊನೆಗೆ ಪತ್ರ ಬರೆದರು. 'ನಮಗೂ' ಎಂದು ಬರೆಯಲು ಅವರು ಹೆದರಲಿಲ್ಲ.

ಈ ಚಾಳಿ ಹಳೆಯದು ಬಿಡಿ. 506ರಲ್ಲಿ ಈಗಿನ ಫ್ರಾನ್ಸಿನ ಆಗ್ಡ್ ಊರಿನಲ್ಲಿ ಸೇರಿದ್ದ ಬಿಷಪ್ಪರು, ಧರ್ಮದ ಹೆಸರಿನಲ್ಲಿ ಹೀಗೆ ಶಕುನ ನೋಡಬಾರದು ಎಂದು ಕಟ್ಟಳೆ ಮಾಡಿದ್ದರು. ಒಂದೂವರೆ ಸಾವಿರ ವರ್ಷ ಆದರೂ ನಾವು ಬಿಟ್ಟಿಲ್ಲ. ವಾಗ್ದಾನದ ಕಾರ್ಡು ಹಂಚುವ ನಾವು ಈ ಹುಡುಗಿಯನ್ನು ಬಯ್ಯುವ ಹಾಗೂ ಇಲ್ಲ. ನಾನೂ ಪ್ರತಿ ವರ್ಷ ಒಂದು ಎತ್ತುತ್ತೇನೆ.

ಮೊದಲ ದಿನ ಕೊಟ್ಟ ಸಲಹೆ ಚಿಕ್ಕದು. ನಿನ್ನ ಸತ್ಯವೇದದಲ್ಲಿ ರಿಬ್ಬನ್ ಇದೆಯಲ್ಲ, ಅದು ಇರುವ ಕಡೆ ಮಾತ್ರ ತೆರೆ. ದಿನಕ್ಕೆ ಒಂದೇ ಸಲ, ಒಂದೇ ಅಧ್ಯಾಯ, ಬಾಯಿಬಿಟ್ಟು ಓದು. ಯಾರು, ಯಾರಿಗೆ, ಯಾವಾಗ ಹೇಳಿದ್ದು ಎಂದು ನೋಟ್‌ಬುಕ್ಕಿನಲ್ಲಿ ಬರಿ. 'ನನಗೆ ಏನು' ಎಂಬ ಪ್ರಶ್ನೆ ಸದ್ಯಕ್ಕೆ ಬೇಡ. ಯೆರೆಮೀಯ 27ರಿಂದ 29ರವರೆಗೆ ಓದಿಕೊಂಡು ಬಾ.

ನನ್ನ ತಲೆಯಲ್ಲಿ ಇದ್ದದ್ದು ಇದು. 29ನೇ ಅಧ್ಯಾಯ ಒಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ಹೇಳುತ್ತಿದ್ದ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ಜನರ ಮುಂದೆಯೇ ಮುರಿದುಹಾಕಿದ್ದ. ಜನಕ್ಕೆ ಬೇಕಾಗಿದ್ದೂ ಅದೇ ಮಾತು. ಯೆರೆಮೀಯ ಮಾತ್ರ ಎಪ್ಪತ್ತು ವರ್ಷ ಎಂದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ ಎಂದು ಬರೆದ. ಕಾರ್ಡಿನ ಮೇಲಿರುವ 11ನೇ ವಚನ ಬರುವುದು ಅಷ್ಟೆಲ್ಲ ಆದ ಮೇಲೆ.

ಎರಡನೇ ಸಲ ಬಂದಾಗ ನೋಟ್‌ಬುಕ್ ತುಂಬಾ ಬರೆದಿದ್ದಳು. ಅದರಲ್ಲಿ ಒಂದು ಸಾಲಿಗೆ ಎರಡು ಗೆರೆ. "ಎಪ್ಪತ್ತು ವರ್ಷ ಅಂದ್ರೆ ಕಾಗದ ಓದಿದವರು ಜಾಸ್ತಿ ಜನ ಅಲ್ಲೇ ಸತ್ತಿರ್ತಾರೆ. ನನ್ನ ಕಾರ್ಡಿನ ಮಾತು ಅವರ ಕೈಗೇ ಸಿಗಲಿಲ್ಲ." ಇಷ್ಟು ವರ್ಷ ಆ ವಚನದ ಮೇಲೆ ಪ್ರಸಂಗ ಕೇಳಿದ್ದೇನೆ, ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ನಾನು ಖುಷಿಪಡುತ್ತಿರುವಾಗಲೇ ಅವಳು ಕೇಳಿದಳು: "ಹಾಗಾದ್ರೆ ಮೇಡಂ, ಪರದೇಶದಲ್ಲಿ ಮನೆ ಕಟ್ಟಿ ಅಂತ ಇದೆಯಲ್ಲ. ನಾನು ಹೋಗ್ಬೇಕು ಅಂತ ತಾನೆ?"

ತಪ್ಪು ನನ್ನದು. ಬೆರಳಿನ ಬದಲು ನಾನೇ ಅಧ್ಯಾಯ ಆರಿಸಿಕೊಟ್ಟಿದ್ದೆ, ಅದೂ ಪರದೇಶದ ಅಧ್ಯಾಯ! ಅವಳ ಪಾಲಿಗೆ ನಾನೇ ಇನ್ನೊಂದು ಬೆರಳು. ಅದನ್ನು ಅವಳಿಗೆ ಹೇಳಿ ಕ್ಷಮೆ ಕೇಳಿದೆ. ಯೆರೆಮೀಯನನ್ನು ಸದ್ಯಕ್ಕೆ ಬಿಡು, ನಿನಗೆ ಬೇಕಾದ ಉತ್ತರ ಇಲ್ಲದ ಪುಸ್ತಕ ಓದೋಣ ಎಂದೆ. ಮಾರ್ಕನ ಸುವಾರ್ತೆ, ಹದಿನಾರೇ ಅಧ್ಯಾಯ. ಅದರಲ್ಲಿ ನಿನ್ನನ್ನು ಹುಡುಕಬೇಡ, ಯೇಸು ಏನು ಮಾಡುತ್ತಾನೆ ನೋಡುತ್ತಾ ಹೋಗು. ಒಬ್ಬಳೇ ಬೇಡ ಎಂದು ನಮ್ಮ ಸ್ತ್ರೀಯರ ಕೂಟದ ಒಬ್ಬ ನಿವೃತ್ತ ಟೀಚರ್ ಜೊತೆ ಮಾಡಿಕೊಟ್ಟೆ. ಅವರು ನನಗಿಂತ ಕಡಿಮೆ ಮಾತಾಡುತ್ತಾರೆ, ಅದೇ ಅವರ ಗುಣ.

ಮೊದಲ ವಾರ ಬೇಜಾರಾಯಿತಂತೆ. 'ಏನೂ ಸಿಗ್ತಿಲ್ಲ' ಎಂದು ಟೀಚರಿಗೆ ಮೆಸೇಜ್ ಹಾಕಿದ್ದಳು. ಟೀಚರ್ ಉತ್ತರ: 'ಸರಿ. ನಾಳೆ 5ನೇ ಅಧ್ಯಾಯ.' ರಾತ್ರಿ ಪುಸ್ತಕ ತೆರೆಯುವುದು ನಿಂತ ಮೇಲೆ ನಿದ್ದೆ ಮೆಲ್ಲಗೆ ಹತ್ತಿರ ಬಂತು.

ಅವಳು ಸಿಕ್ಕಿಬಿದ್ದದ್ದು 10ನೇ ಅಧ್ಯಾಯದಲ್ಲಿ. ಯೆರಿಕೋವಿನ ದಾರಿಯ ಪಕ್ಕ ಕೂತ ಕುರುಡ ಬಾರ್ತಿಮಾಯನನ್ನು ಕರೆಸಿ, ನಿನಗೆ ನಾನು ಏನು ಮಾಡಬೇಕು ಎಂದು ಯೇಸು ಕೇಳುತ್ತಾನೆ.

"ಕುರುಡನಿಗೆ ಏನು ಬೇಕು ಅಂತ ಗೊತ್ತಿಲ್ವಾ ಆಂಟಿ? ಯಾಕೆ ಕೇಳ್ಬೇಕು?" ಮೇಡಂ ಹೋಗಿ ಆಂಟಿ ಯಾವಾಗ ಬಂತೋ ನಾನೂ ಗಮನಿಸಲಿಲ್ಲ.

ನಾನು ಉತ್ತರ ಕೊಡಲಿಲ್ಲ. "ನಿನ್ನನ್ನ ಕೇಳಿದ್ರೆ ಏನು ಹೇಳ್ತೀಯಮ್ಮ?" ಎಂದೆ.

ತುಂಬಾ ಹೊತ್ತು ಸುಮ್ಮನಿದ್ದಳು. ಕಾರ್ಡನ್ನು ಕವರಿಗೆ ಹಾಕುವುದು, ತೆಗೆಯುವುದು. ಕೊನೆಗೆ, "ನನಗೆ ಹೋಗ್ಬೇಕು" ಎಂದಳು. ಹೇಳಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದಳು. "ಅಮ್ಮನಿಗೆ ಹೀಗೆ ಹೇಳಕ್ಕಾಗಲ್ಲ ಆಂಟಿ. ದೇವರು ಹೋಗು ಅಂದ್ರು ಅಂದ್ರೆ ಅಮ್ಮ ಏನೂ ಅನ್ನಲ್ಲ."

ಇಷ್ಟು ದಿನ ನಡೆದದ್ದು ಇದು. ಅಮ್ಮನ ಮುಂದೆ ಹಿಡಿಯಲು ಅವಳಿಗೆ ಒಂದು ಸಹಿ ಬೇಕಿತ್ತು, ದೇವರ ಸಹಿ. ಹೋಗುವುದು ತಪ್ಪೇನಲ್ಲ, ಉಳಿಯುವುದೂ ತಪ್ಪಲ್ಲ. ಆ ಮಾತನ್ನು ತನ್ನದು ಎಂದು ಹೇಳಲು ಅವಳಿಗೆ ಭಯ. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದ ಕೊನೆಯನ್ನು ಅಂದು ಒಟ್ಟಿಗೆ ಓದಿದೆವು. ಹಾಲು ಕುಡಿಯುವ ಕೂಸು, ಗಟ್ಟಿ ಆಹಾರ ತಿನ್ನುವ ದೊಡ್ಡವರು. ಹಾಲು, ಆಹಾರದ ಹೋಲಿಕೆ ಎಲ್ಲರಿಗೂ ನೆನಪಿರುತ್ತದೆ. ದೊಡ್ಡವರು ಅಂದರೆ ಯಾರು ಎಂದು ಅಲ್ಲೇ ಹೇಳಿದ್ದನ್ನು ಮರೆಯುತ್ತೇವೆ: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅಭ್ಯಾಸ ಮಾಡಿ ಮಾಡಿ ಗುರುತಿಸಲು ಕಲಿತವರು. ಐಸಿಯುಗೆ ಹೊಸದಾಗಿ ಸೇರಿದಾಗ ಪ್ರತಿ ಅಲಾರಾಂಗೂ ಸೀನಿಯರನ್ನು ಕರೆಯುತ್ತಿದ್ದೆಯಾ ಎಂದು ಕೇಳಿದೆ. "ಅಯ್ಯೋ, ಬೈಸ್ಕೊಂಡಿದ್ದೀನಿ" ಎಂದಳು. ಈಗ? ಈಗ ಸದ್ದು ಕೇಳಿದರೇ ಯಾವುದು ಸುಮ್ನೆ ಕೂಗುತ್ತಿದೆ, ಯಾವುದಕ್ಕೆ ಓಡಬೇಕು ಎಂದು ಗೊತ್ತಾಗುತ್ತದಂತೆ.

ಉಳಿದ ಸಲಹೆ ಎಲ್ಲ ಮನೆಯ ಲೆಕ್ಕದ್ದು. ಒಪ್ಪಂದದ ಪ್ರತಿಯನ್ನು ನಿನಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ ತರಿಸು. ಎಷ್ಟು ವರ್ಷ ಕಟ್ಟಿಹಾಕುತ್ತಾರೆ, ಮಧ್ಯೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎನ್ನುವುದನ್ನು ಗೆರೆ ಎಳೆದು ಓದು, ವಕೀಲರಿಗೂ ತೋರಿಸು. ಅದನ್ನು ದೇವರು ನಿನ್ನ ಪರವಾಗಿ ಓದಿಕೊಡುವುದಿಲ್ಲ. ಅಮ್ಮನ ಇನ್ಸುಲಿನ್ ಯಾರು ನೋಡಿಕೊಳ್ಳುತ್ತಾರೆ ಎಂದು ಅಣ್ಣನನ್ನು ಎದುರಿಗೆ ಕೂರಿಸಿ ಕೇಳು, ಫೋನಿನಲ್ಲಿ ಬೇಡ. ಮೊದಲು ಅಮ್ಮನ ಹತ್ತಿರ ಹೋಗು, 'ದೇವರು ಹೇಳಿದರು' ಎನ್ನುವ ಪದ ಬಳಸದೆ ಮಾತಾಡು. ಬಿ2 ಕಷ್ಟ ಎಂದು ಗೊಣಗಿದ್ದಕ್ಕೆ, ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟೇ ಅಚ್ಚು ಹಾಕಿಸಿದರು, ನಿನಗೆ ಒಂದು ಪರೀಕ್ಷೆಗೆ ಹೆದರಿಕೆಯಾ ಎಂದು ರೇಗಿಸಿದೆ.

ರಜೆ ಹಾಕಿ ಊರಿಗೆ ಹೋದಳು. ಅಮ್ಮ ಕೇಳಿಸಿಕೊಂಡರು, ಎದ್ದು ಹೋಗಿ ಪಾತ್ರೆ ತೊಳೆದರು. ಎರಡು ದಿನ ಊಟಕ್ಕೆ ಕರೆದದ್ದು ಬಿಟ್ಟರೆ ಬೇರೆ ಮಾತಿಲ್ಲ. ಮೂರನೇ ದಿನ ಬಸ್ಸು ಹತ್ತಿಸಲು ಬಂದಾಗ, "ಅಲ್ಲಿ ಚರ್ಚು ಎಷ್ಟು ದೂರ ಅಂತ ಕೇಳಿದ್ಯಾ?" ಎಂದರಂತೆ. ಇದು ಒಪ್ಪಿಗೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅಣ್ಣ ಬರುತ್ತೇನೆ ಎಂದವನು ಬರಲಿಲ್ಲ. ಅದಿನ್ನೂ ಹಾಗೇ ಉಳಿದಿದೆ. ಸಹಿಗೆ ಎರಡು ತಿಂಗಳು ಸಮಯ ಕೊಡಿ ಎಂದು ಏಜೆನ್ಸಿಗೆ ಬರೆದಳು, ಕೊಟ್ಟರು. ಇಷ್ಟು ದಿನ ಕೇಳಬಹುದು ಎಂದೇ ಹೊಳೆದಿರಲಿಲ್ಲವಂತೆ.

ಕೊನೆಯ ಸಲ ಬಂದಾಗ ಸತ್ಯವೇದ ಜೊತೆಗೆ ತಂದಿದ್ದಳು. ರಿಬ್ಬನ್ ಯೆರೆಮೀಯ 42ರಲ್ಲಿತ್ತು. ನಾನು ಹೇಳಿರಲಿಲ್ಲ. ಟೀಚರ್ ಜೊತೆ 37ರಿಂದ ದಿನಕ್ಕೊಂದರಂತೆ ಓದುತ್ತಾ ತಾನೇ ಆ ಪುಟಕ್ಕೆ ಬಂದಿದ್ದಳು.

"ಸೆರೆಹೋಗದೆ ಯೆಹೂದದಲ್ಲೇ ಉಳಿದಿದ್ದ ಈ ಜನ ಯೆರೆಮೀಯನ್ನ ಕೇಳೋ ಮುಂಚೆನೇ ಗಂಟುಮೂಟೆ ಕಟ್ಟಿದ್ರು ಆಂಟಿ. 41ರ ಕೊನೇಲಿ ನೋಡಿ, ಐಗುಪ್ತಕ್ಕೆ ಅಂತ ಹೊರಟು ಬೇತ್ಲೆಹೇಮಿನ ಹತ್ರ ಇಳ್ಕೊಂಡಿದ್ದಾರೆ. ಆಮೇಲೆ ಬಂದು, ದೇವರು ಏನು ಹೇಳಿದ್ರೂ ಕೇಳ್ತೀವಿ ಅಂತಾರೆ." ಪುಟದ ಮೇಲೆ ಬೆರಳು ಕೆಳಗೆ ಇಳಿಯಿತು, ಈ ಸಲ ಕಣ್ಣು ತೆರೆದೇ ಇತ್ತು. "ಇನ್ನೊಂದು ನೋಡಿ, 7ನೇ ವಚನ. ಯೆರೆಮೀಯನಿಗೇ ಉತ್ತರ ಬರಕ್ಕೆ ಹತ್ತು ದಿನ ಆಯ್ತು. ನಾನು ಒಂದೇ ರಾತ್ರಿಲಿ ಮೂರು ಸಲ ಕೇಳ್ತಿದ್ದೆ."

ಬಿ2 ಪರೀಕ್ಷೆ ಮುಂದಿನ ತಿಂಗಳು. ಫೀಸು ಕಟ್ಟಿದ್ದಾಳೆ.